ಸಫಿಯಾಳಿಗೆ ಕೊಟ್ಟ ಸ್ವಯಂಪಾಕ

ಯಾರಾದರೂ ನನ್ನೆದುರು ಕೂತು, "ನನಗೆ ಅಂಥ ಭೇದವೆಲ್ಲ ಇಲ್ಲ, ಅವರಲ್ಲೇ ನನಗೆ ಎಷ್ಟು ಜನ ಸ್ನೇಹಿತರಿದ್ದಾರೆ ಗೊತ್ತಾ?" ಎಂದು ಶುರುಮಾಡಿದರೆ ನಾನು ವಾದಕ್ಕಿಳಿಯುವುದಿಲ್ಲ. ಮೊದಲು ಇಳಿಯುತ್ತಿದ್ದೆ. ವಾದ ಗೆದ್ದು ನೆಂಟಸ್ತನ ಕಳೆದುಕೊಳ್ಳುವ ಚಪಲ ನನಗೆ ಬಹಳ ಕಾಲ ಇತ್ತು. ಈಗ ಸುಮ್ಮನೆ ಅವರ ಮುಖ ನೋಡುತ್ತೇನೆ. ಆ ಮಾತು ಸುಳ್ಳಲ್ಲ ಎಂದು ನನಗೆ ಗೊತ್ತು. ಅಷ್ಟಕ್ಕೇ ಎಲ್ಲ ಮುಗಿಯಲಿಲ್ಲ ಎಂಬುದೂ ಗೊತ್ತು. ಇವೆರಡನ್ನೂ ಒಟ್ಟಿಗೆ ನನಗೆ ತೋರಿಸಿದವಳು ನಮ್ಮ ಅಮ್ಮಮ್ಮ ಸಾವಿತ್ರಿ, ಅಂದರೆ ಅಪ್ಪಯ್ಯನ ತಾಯಿ. ಅವಳಷ್ಟು ದೊಡ್ಡ ಮನಸ್ಸಿನವರನ್ನು ನಾನು ಆಮೇಲೆ ಹೆಚ್ಚು ಕಂಡಿಲ್ಲ. ಅವಳಷ್ಟು ಮಡಿಯವರನ್ನಂತೂ ಕಂಡೇ ಇಲ್ಲ.

ಕುಮಟೆ ಪೇಟೆಯ ಹಿಂದಿನ ಓಣಿಯಲ್ಲಿ ನಮ್ಮ ಮನೆ. ಅಪ್ಪಯ್ಯ ಅಲ್ಲಿನ ಕೋರ್ಟಿನಲ್ಲಿ ವಕೀಲ. ಮುಂದೆ ಜಗಲಿ, ಅದರ ಪಕ್ಕದಲ್ಲಿ ಅಂಗಳಕ್ಕೇ ಬಾಗಿಲಿದ್ದ ಒಂದು ಕೋಣೆ, ಒಳಗೆ ನಡುಮನೆ, ಅದರಾಚೆ ಅಡುಗೆಮನೆ, ಹಿತ್ತಿಲಲ್ಲಿ ಬಾವಿ. ಯಾರು ಎಲ್ಲಿಯವರೆಗೆ ಬರಬಹುದು ಎಂದು ಯಾರೂ ಬರೆದು ಅಂಟಿಸಿರಲಿಲ್ಲ, ಆದರೆ ಬಂದವರಿಗೆಲ್ಲ ಅದು ತಾನಾಗಿ ಗೊತ್ತಿರುತ್ತಿತ್ತು. ಕಕ್ಷಿದಾರರು ಜಗಲಿಯಲ್ಲಿ ಕೂರುತ್ತಿದ್ದರು, ನೆಂಟರು ನಡುಮನೆಯಲ್ಲಿ. ಕಾಯಿ ಕೀಳುವವನು ಬಾವಿಯ ಹತ್ತಿರ ಸುಳಿಯುತ್ತಿರಲಿಲ್ಲ. ಶಾಲೆಯಿಂದ ಬಂದ ನಾನೂ ಬಟ್ಟೆ ಬದಲಿಸದೆ ಅಡುಗೆಮನೆಯ ಹೊಸ್ತಿಲು ತುಳಿಯುವಂತಿರಲಿಲ್ಲ. ಇದರಲ್ಲಿ ಅಮ್ಮಮ್ಮನಿಗೆ ಯಾರ ಮೇಲೂ ಸಿಟ್ಟಿರಲಿಲ್ಲ, ತಾತ್ಸಾರವೂ ಇರಲಿಲ್ಲ. ಉಪ್ಪು ಉಪ್ಪಿನ ಮರಿಗೆಯಲ್ಲಿ, ಎಣ್ಣೆ ಎಣ್ಣೆಯ ಗಿಂಡಿಯಲ್ಲಿ ಇರುವ ಹಾಗೆ ಜನರೂ ಅವರವರ ಜಾಗದಲ್ಲಿದ್ದರೆ ಸಂಸಾರ ಸಸೂತ್ರ ನಡೆಯುತ್ತದೆ ಎಂದು ಅವಳು ನಂಬಿದ್ದಳು. ಇಷ್ಟೆಲ್ಲ ಇಟ್ಟುಕೊಂಡೇ ಊರಿಗೆಲ್ಲ ಹೇಳಿಕೊಂಡು ಬರುತ್ತಿದ್ದಳು:

"ನಂಗೆ ಜಾತಿ-ಗೀತಿ ಎಂತದೂ ಇಲ್ಲೆ. ಇದ್ದಿದ್ರೆ ಭಟ್ಕಳದ ಜೈನಬಿ ನನ್ನ ಜೀವದ ಗೆಳತಿ ಆಗ್ತಿತ್ತಾ?"

ಜೈನಬಿ ಭಟ್ಕಳದ ನವಾಯತ ಮುಸ್ಲಿಮರ ದೊಡ್ಡ ಮನೆಯವರು. ನಾವು ಮಕ್ಕಳು ಅವರನ್ನು ಬೀಬಮ್ಮ ಎನ್ನುತ್ತಿದ್ದೆವು. ಅಮ್ಮಮ್ಮನ ತವರು ಅಲ್ಲೇ ಪಕ್ಕದ ಮುಟ್ಟಳ್ಳಿ. ಅವಳ ಅಪ್ಪ ಗಾಡಿಯಲ್ಲಿ ತೆಂಗಿನಕಾಯಿ ಹೇರಿಕೊಂಡು ಬೀಬಮ್ಮನ ತವರಿಗೆ ಹೋಗುವಾಗ ಈ ಪುಟ್ಟ ಹುಡುಗಿಯೂ ಗಾಡಿ ಹತ್ತುತ್ತಿದ್ದಳಂತೆ. ಗಂಡಸರು ಮುಂದೆ ಕಾಯಿ ಎಣಿಸುವಷ್ಟು ಹೊತ್ತು ಹುಡುಗಿಯರಿಬ್ಬರೂ ಹಿತ್ತಿಲಲ್ಲಿ ಕೂತು ಬಾಳೆನಾರಿನಲ್ಲಿ ಮಲ್ಲಿಗೆ ಕಟ್ಟುತ್ತಿದ್ದರು. ಹೂವಿನ ತೊಟ್ಟಿಗೆ ಗಂಟು ಹಾಕುವುದನ್ನು ಅಮ್ಮಮ್ಮನಿಗೆ ಕಲಿಸಿದ್ದೇ ಬೀಬಮ್ಮ. ಇಬ್ಬರಿಗೂ ಮದುವೆಯಾಯಿತು, ಮಕ್ಕಳಾದರು, ಗಂಡಂದಿರು ಮುದುಕರಾದರು, ಅಮ್ಮಮ್ಮನ ಗಂಡ ಹೋಗಿಯೂಬಿಟ್ಟ. ಪ್ರತಿ ಬೇಸಿಗೆಯಲ್ಲೂ ತವರಿಗೆ ಹೋಗುವ ನೆಪ ಹೂಡಿ ಅವಳು ಭಟ್ಕಳಕ್ಕೆ ಹೊರಡುವುದು ಮಾತ್ರ ತಪ್ಪಲಿಲ್ಲ. ಜೊತೆಗೆ ನಾನು. ಹೊನ್ನಾವರದಲ್ಲಿ ಬಸ್ಸಿಳಿದು, ತಾರಿಯಲ್ಲಿ ಶರಾವತಿ ದಾಟಿ, ಆಚೆ ದಡದಲ್ಲಿ ಇನ್ನೊಂದು ಬಸ್ಸು ಹತ್ತಬೇಕು. ದೋಣಿಯಲ್ಲಿ ಅಮ್ಮಮ್ಮ ಯಾರಿಗೂ ತಾಗದಂತೆ ಸೆರಗು ಬಿಗಿದುಕೊಂಡು ತುದಿಯಲ್ಲಿ ಕೂರುತ್ತಿದ್ದಳು. ಮಂಕಿ ದಾಟುತ್ತಿದ್ದಂತೆ ಅವಳ ಮುಖ ಬದಲಾಗುತ್ತಿತ್ತು, ನನ್ನ ಅಮ್ಮಮ್ಮ ಮೆಲ್ಲಗೆ ಯಾರದೋ ಗೆಳತಿಯಾಗುತ್ತಿದ್ದಳು.

ಬೀಬಮ್ಮನ ಮನೆಗೆ ಹೆಂಗಸರು ಹಿಂಬಾಗಿಲಿನಿಂದಲೇ ಹೋಗಬೇಕು. ಒಂದು ಕೋಣೆಯೊಳಗಿಂದ ಇನ್ನೊಂದು, ಅದರೊಳಗಿಂದ ಮತ್ತೊಂದು, ಮುಗಿಯುವುದೇ ಇಲ್ಲವೇನೋ ಅನಿಸುವ ಮನೆ. ನಡುವಿನ ಕೋಣೆಯಲ್ಲಿ ಹಿತ್ತಾಳೆ ಸರಪಳಿಯ ತೂಗುಮಣೆ. ಅದರ ಮೇಲೆ ಇಬ್ಬರೂ ಭುಜಕ್ಕೆ ಭುಜ ತಾಗಿಸಿ ಕೂತು, ಕಾಲಲ್ಲಿ ನೆಲ ಒದ್ದು ಜೀಕುತ್ತ, ಅರ್ಧ ಕೊಂಕಣಿ ಅರ್ಧ ಕನ್ನಡದಲ್ಲಿ ಸೊಸೆಯಂದಿರನ್ನು ಬೈಯುವುದನ್ನು ನಾನು ಬಾಯಿ ಬಿಟ್ಟು ನೋಡುತ್ತಿದ್ದೆ. ಮನೆಯಲ್ಲಿ ನನ್ನ ಶಾಲೆಯ ಲಂಗವನ್ನೂ ಮುಟ್ಟದ ಹೆಂಗಸು ಇಲ್ಲಿ ಬೀಬಮ್ಮನ ತೊಡೆ ತಟ್ಟಿ ನಗುತ್ತಿದ್ದಳು! ಆದರೆ ಅಷ್ಟು ಹೊತ್ತಿನಲ್ಲಿ ಅವಳ ಬಾಯಿಗೆ ಹೋಗುತ್ತಿದ್ದುದು ಒಂದು ಎಳನೀರು, ಹೆಚ್ಚೆಂದರೆ ಎರಡು ಬಾಳೆಹಣ್ಣು. ಬೀಬಮ್ಮ ಕೇಳದೆಯೇ ಎಳನೀರು ಕೀಳಿಸಿ, ಇವಳ ಕಣ್ಣೆದುರೇ ಕೊಚ್ಚಿಸಿ ಕೊಡುತ್ತಿದ್ದರು. ನನಗೂ ಅಷ್ಟೇ. ಒಳಗಿನಿಂದ ತುಪ್ಪ, ಏಲಕ್ಕಿಯ ಪರಿಮಳ ಬರುವಾಗ ನಾನು ಒಮ್ಮೆ ತಡೆಯಲಾರದೆ ಕೇಳಿದೆ:

"ಅಮ್ಮಮ್ಮ, ಎಳನೀರಿಗೆ ಎಂತಕ್ಕೆ ಮೈಲಿಗೆ ಇಲ್ಲೆ?"

"ಸಿಪ್ಪೆ ಇದ್ದಲೇ ಅದಕ್ಕೆ. ಸಿಪ್ಪೆ ಇದ್ದದ್ದಕ್ಕೆ ಮೈಲಿಗೆ ತಾಗ್ತಿಲ್ಲೆ."

"ಮನುಷ್ಯರಿಗೂ ಚರ್ಮ ಇದ್ದಲೇ?"

ಬೀಬಮ್ಮ ತೂಗುಮಣೆಯಿಂದ ಬೀಳುವಷ್ಟು ನಕ್ಕರು. ಅಮ್ಮಮ್ಮನೂ ನಕ್ಕು, ನನ್ನ ತೊಡೆ ಚಿವುಟಿದಳು. ಚಿವುಟಿದ್ದು ಸ್ವಲ್ಪ ಜೋರಾಗಿಯೇ ಇತ್ತು.

ಮುಂಬಯಿ ಸೀಮೆ ಹೋಗಿ ನಾವು ಮೈಸೂರು ರಾಜ್ಯಕ್ಕೆ ಸೇರಿ ಕೆಲವು ವರ್ಷಗಳಾಗಿದ್ದವು. ಆ ಸಲ ಹೋದಾಗ ಬೀಬಮ್ಮ ತೂಗುಮಣೆಯನ್ನು ಕಾಲೊತ್ತಿ ನಿಲ್ಲಿಸಿದರು. ಅವರ ಮೊಮ್ಮಗಳು ಸಫಿಯಾ ಮನೆಯಲ್ಲೇ ಮೇಷ್ಟರನ್ನು ಇಟ್ಟುಕೊಂಡು ಓದಿ ಎಸ್ಸೆಸ್ಸೆಲ್ಸಿಗೆ ಕಟ್ಟಿದ್ದಳು. ಆ ಮನೆಯ ಹೆಣ್ಣುಮಕ್ಕಳಲ್ಲಿ ಅಲ್ಲಿಯವರೆಗೆ ಯಾರೂ ಮಾಡದ ಸಾಹಸ ಅದು. ಪರೀಕ್ಷೆ ಬರೆಯಬೇಕಾದದ್ದು ಕುಮಟೆಯಲ್ಲಿ. ಅವಳ ಅಜ್ಜನಿಗೆ, ಅಂದರೆ ಬೀಬಮ್ಮನ ಗಂಡನಿಗೆ, ಮನಸ್ಸಿರಲಿಲ್ಲ. ಕೊನೆಗೆ ಒಂದೇ ಷರತ್ತಿಗೆ ಒಪ್ಪಿದ್ದರಂತೆ.

"ಸಾವಿತ್ರಿ ಮನೆಯಾದ್ರೆ ಕಳಿಸ್ತೆ, ಇಲ್ಲಾಂದ್ರೆ ಪರೀಕ್ಷೆಯೂ ಬೇಡ ಎಂತದೂ ಬೇಡ, ಮದುವೆ ಮಾಡ್ತೆ ಹೇಳಿದ್ರು," ಅಂದರು ಬೀಬಮ್ಮ. "ನಾ ನಿನ್ನ ಹತ್ರ ಇಷ್ಟು ವರ್ಷ ಎಂತದೂ ಕೇಳಲಿಲ್ಲ ಮಾರಾಯ್ತಿ. ಇದೊಂದು ಕೇಳ್ತೆ."

"ಕೇಳೂದು ಎಂತದು? ನಿನ್ನ ಮೊಮ್ಮಗಳು ನನ್ನ ಮೊಮ್ಮಗಳಲ್ದಾ? ಕಳಿಸು," ಅಂದಳು ಅಮ್ಮಮ್ಮ. ಒಂದು ಗಳಿಗೆಯೂ ಯೋಚಿಸಲಿಲ್ಲ. ಬಾಗಿಲ ಹಿಂದೆ ನಿಂತಿದ್ದ ಸಫಿಯಾ ಓಡಿಬಂದು ಅವಳ ಕೈ ಹಿಡಿದುಕೊಂಡಳು. ಆದರೆ ವಾಪಸು ಬರುತ್ತ ಅಮ್ಮಮ್ಮ, ತಾರಿ ದಡ ಸೇರುವಾಗ ನನಗೋ ನೀರಿಗೋ ಎನ್ನುವಂತೆ ಕೇಳಿದಳು, "ಆ ಕೂಸನ್ನ ಊಟಕ್ಕೆ ಎಲ್ಲಿ ಕೂರ್ಸವು?"

ಮನೆಯಲ್ಲಿ ಅದೇ ಪ್ರಶ್ನೆಯ ಮೇಲೆ ದೊಡ್ಡ ರಾಮಾಯಣವಾಯಿತು. ಅಪ್ಪಯ್ಯ ಖಾದಿ ತೊಡುವವ, ಸಭೆಗಳಲ್ಲಿ ಸಮಾನತೆಯ ಭಾಷಣ ಮಾಡುವವ. "ನಮ್ಮ ಜೊತೆಗೇ ನಡುಮನೆಯಲ್ಲಿ ಉಣ್ಲಿ," ಅಂದ. ಅಮ್ಮಮ್ಮ ಆ ಹೊತ್ತು ಊಟ ಮಾಡಲಿಲ್ಲ. ಅದನ್ನು ನೋಡಿದ ಅಪ್ಪಯ್ಯ ಮರುದಿನ ಮೆತ್ತಗಾಗಿ, "ಹಾಂಗಾದ್ರೆ ಜಗಲಿಯಲ್ಲಿ ಬಡಿಸಿ" ಅಂದ. ಅದಕ್ಕೆ ಅವಳು ಸಿಡಿದೆದ್ದಳು.

"ಜಗಲಿಯಲ್ಲಿ ಉಂಡು, ತನ್ನ ಎಲೆ ತಾನೇ ಎತ್ತಿ, ನೆಲಕ್ಕೆ ಸಗಣಿ ಸಾರ್ಸೂದಾ? ಜೈನಬಿ ಮೊಮ್ಮಗಳು? ನಾ ಬದುಕಿಪ್ಪಗ?"

"ಒಳಗೂ ಬೇಡ, ಹೊರಗೂ ಬೇಡ ಅಂದ್ರೆ ಎಂತ ಮಾಡೂದು, ಅತ್ತೆ?" ಎಂದು ಆಯಿ, ಅಂದರೆ ನನ್ನ ಅಮ್ಮ, ಮೆಲ್ಲಗೆ ಕೇಳಿದಳು. ಸೊಸೆಯಾಗಿ ಬಂದ ಮೇಲೆ ಆಯಿ ಅತ್ತೆಯನ್ನು ನೇರವಾಗಿ ಕೇಳಿದ ಕೆಲವೇ ಪ್ರಶ್ನೆಗಳಲ್ಲಿ ಅದೂ ಒಂದು.

ಅಮ್ಮಮ್ಮ ಒಂದು ರಾತ್ರಿ ಯೋಚಿಸಿ ದಾರಿ ಕಂಡುಹಿಡಿದಳು. ಗೋಕರ್ಣದಿಂದ ಅಪರೂಪಕ್ಕೆ ಒಬ್ಬ ಹಿರಿಯ ಭಟ್ಟರು ನಮ್ಮಲ್ಲಿಗೆ ಬರುತ್ತಿದ್ದರು. ಪರರ ಕೈಯಡುಗೆ ಉಣ್ಣದ ಕರ್ಮಠರು. ಅವರಿಗೆ ಸ್ವಯಂಪಾಕ ಕೊಡುತ್ತಿದ್ದೆವು. ಅಂದರೆ ಅಕ್ಕಿ, ಬೇಳೆ, ಕಾಯಿ, ತುಪ್ಪ, ಸೌದೆ, ಪಾತ್ರೆ ಎಲ್ಲ ಒದಗಿಸುವುದು, ತಮ್ಮ ಅಡುಗೆ ಅವರೇ ಮಾಡಿಕೊಳ್ಳುವುದು. ನಮ್ಮ ಮನೆಯಲ್ಲಿ ಅತಿಥಿಗೆ ಸಲ್ಲುತ್ತಿದ್ದ ಅತಿ ದೊಡ್ಡ ಮರ್ಯಾದೆ ಅದು. ಸಫಿಯಾಳಿಗೂ ಅದನ್ನೇ ಕೊಡುವುದು ಎಂದು ತೀರ್ಮಾನವಾಯಿತು. ಹುಡುಗಿಗೆ ಅವಮಾನವಿಲ್ಲ, ಮನೆಗೆ ಮೈಲಿಗೆಯಿಲ್ಲ. ಇಂಥ ಉಪಾಯ ಹೊಳೆದದ್ದಕ್ಕೆ ಅಮ್ಮಮ್ಮನಿಗೆ ಎಷ್ಟು ಸಂತೋಷವಾಯಿತೆಂದರೆ, ಅಂಗಳದ ಬಾಗಿಲಿನ ಕೋಣೆಯಲ್ಲಿ ತಾನೇ ಮಣ್ಣು ಕಲಸಿ ಹೊಸ ಒಲೆ ಹಾಕಿದಳು.

ಸಫಿಯಾ ಬಂದ ದಿನ ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಬಿಳಿ ಚಾದರ ಹೊದ್ದು, ಚಿಕ್ಕಪ್ಪನ ಹಿಂದೆ ಅಂಗಳಕ್ಕೆ ಬಂದಳು. ಕೋಣೆಯಲ್ಲಿ ಬಾಳೆಯೆಲೆ ಹಾಸಿದ ಗೆರಸೆಗಳಲ್ಲಿ ಸಣ್ಣಕ್ಕಿ, ತೊಗರಿಬೇಳೆ, ಬೆಲ್ಲದ ಅಚ್ಚು, ಎಳೆ ಬೆಂಡೆಕಾಯಿ, ಬಸಳೆ, ಸುಲಿದ ಕಾಯಿ. ಪಕ್ಕದಲ್ಲಿ ಹುಣಸೆ ತಿಕ್ಕಿ ಬೆಳಗಿದ ತಾಮ್ರದ ಪಾತ್ರೆಗಳು. ಎಲ್ಲದರ ಮೇಲೂ ಒಂದೊಂದು ವೀಳ್ಯದೆಲೆ. ದೇವರ ಮುಂದೆ ಜೋಡಿಸಿದ ಹಾಗಿತ್ತು. ಸಫಿಯಾ ಹೊಸ್ತಿಲಲ್ಲೇ ನಿಂತು ನೋಡಿದಳು. ಅವಳ ಕಣ್ಣು ತುಂಬಿತು. "ಅಜ್ಜೀ, ಇಷ್ಟೆಲ್ಲ ನಂಗಾ?" ಅಂದಳು. ಅಮ್ಮಮ್ಮನ ಮುಖ ಬೆಳಗಿಹೋಯಿತು. ಮನೆಯವರೆಲ್ಲ ಒಂದು ಒಳ್ಳೆಯ ಕೆಲಸ ಮಾಡಿದ ಹೆಮ್ಮೆಯಲ್ಲಿ ಒಳಗೆ ಹೋಗಿ ಉಂಡೆವು.

ಆ ಹುಡುಗಿಗೆ ಅಡುಗೆ ಬರುತ್ತದೋ ಇಲ್ಲವೋ ಎಂದು ನಮ್ಮಲ್ಲಿ ಒಬ್ಬರೂ ಕೇಳಲಿಲ್ಲ! ಹದಿನಾರರ ಹೆಣ್ಣಿಗೆ ಅಡುಗೆ ಬಾರದಿರುವುದು ನಮ್ಮ ಕಲ್ಪನೆಗೇ ಮೀರಿದ್ದು. ಆಳುಕಾಳು ತುಂಬಿದ್ದ ಮನೆಯಲ್ಲಿ, ಓದುವ ಕೂಸೆಂದು ಮುದ್ದಿನಿಂದ ಬೆಳೆದ ಸಫಿಯಾ ಒಲೆಯ ಮುಖವನ್ನೇ ಕಂಡವಳಲ್ಲ. ಅವಳೂ ಹೇಳಲಿಲ್ಲ. ಸಂಜೆ ನಾನು ಕೋಣೆಗೆ ಹೋದರೆ ಹೊಗೆಯ ನಡುವೆ ರೇಖಾಗಣಿತದ ಪುಸ್ತಕ ಮಡಿಲಲ್ಲಿಟ್ಟುಕೊಂಡು ಕೊಳವೆ ಊದುತ್ತಿದ್ದಳು, ಕಣ್ಣು ಕೆಂಡದಂತಾಗಿತ್ತು. ಅನ್ನ ಅಡಿಯಲ್ಲಿ ಸೀದು, ಮೇಲೆ ಅಕ್ಕಿಯಾಗಿಯೇ ಇತ್ತು. ಎರಡನೆಯ ದಿನದಿಂದ ಊರಿನಿಂದ ತಂದಿದ್ದ ಅವಲಕ್ಕಿ, ಬೆಲ್ಲ, ಬಾಳೆಹಣ್ಣಿನಲ್ಲೇ ಕಾಲ ಹಾಕಿದಳು. ನಾನು ಆಯಿಗೆ ಹೇಳುತ್ತೇನೆ ಎಂದು ಎದ್ದರೆ ನನ್ನ ಜಡೆ ಹಿಡಿದು ಕೂರಿಸಿದಳು.

"ಬೇಡ. ಅಜ್ಜಿ ಎಷ್ಟು ಪ್ರೀತೀಲಿ ಜೋಡ್ಸಿಟ್ಟಿದ್ರು. ನಂಗೆ ಬರೂದಿಲ್ಲ ಅಂದ್ರೆ ಅವರಿಗೆ ಬೇಜಾರು. ಇಲ್ಲಿ ತೊಂದರೆ ಆತು ಅಂತ ಭಟ್ಕಳಕ್ಕೆ ಸುದ್ದಿ ಹೋದ್ರೆ ಅಜ್ಜ ಮರುದಿನವೇ ಬಂದು ಕರ್ಕೊಂಡು ಹೋಗ್ತಾರೆ. ಮತ್ತೆ ನಂಗೆ ಪರೀಕ್ಷೆ ಇಲ್ಲ."

ಕೊನೆಗೆ ಗಣಿತವೊಂದು ಉಳಿಯಿತು. ಅವಳಿಗೆ ಅತಿ ಇಷ್ಟದ್ದೂ ಅತಿ ಭಯದ್ದೂ ಅದೇ. ಹಿಂದಿನ ಸಂಜೆ, ನಾಳೆ ತಲೆ ತಿರುಗಬಾರದೆಂದು ಧೈರ್ಯ ಮಾಡಿ ಮತ್ತೆ ಅನ್ನಕ್ಕಿಟ್ಟಳು. ಅಕ್ಕಿ ಬೆಂದಿತು. ಗಂಜಿ ಬಸಿಯಲು ಹೋದಾಗ ಪಾತ್ರೆ ಜಾರಿ ಕುದಿಯುವ ಗಂಜಿ ಬಲಗೈ ಮೇಲೆ ಸುರಿಯಿತು. ಆ ಕೂಗಿಗೆ ಎಲ್ಲರೂ ಓಡಿದೆವು. ಬೆರಳುಗಳು ನೋಡುನೋಡುತ್ತಿದ್ದಂತೆ ಕೆಂಪೇರಿ ಊದಿಕೊಂಡವು. ಅಮ್ಮಮ್ಮ ಲೋಳೆಸರ ಸೀಳಿ ತಂದು, ಮಡಿ-ಮೈಲಿಗೆ ಒಂದೂ ನೆನಪಿಲ್ಲದೆ ಆ ಕೈಯನ್ನು ತನ್ನ ಮಡಿಲಲ್ಲಿಟ್ಟುಕೊಂಡು ಹಚ್ಚಿದಳು. ಹಚ್ಚುತ್ತ ಹಚ್ಚುತ್ತ ಅವಳ ಕಣ್ಣು ಮೂಲೆಗೆ ಹೋಯಿತು. ಗೆರಸೆಯಲ್ಲಿ ಬೇಳೆ, ತುಪ್ಪ ಎಲ್ಲ ಇಟ್ಟದ್ದು ಇಟ್ಟ ಹಾಗೇ ಇತ್ತು.

"ನೀ ಇಷ್ಟು ದಿನ ಎಂತ ಉಂಡೆ?"

ಬರೀ ಅವಲಕ್ಕಿ, ಬಾಳೆಹಣ್ಣು ಎಂದು ನಾನೇ ಹೇಳಿದೆ.

"ನಂಗೆ ಒಂದು ಮಾತು ಹೇಳೂಲಾಗದಾ, ಮಗಳೇ?"

"ನೀವು ದೇವರಿಗೆ ಇಟ್ಟ ಹಾಗೆ ಇಟ್ಟಿದ್ರಿ, ಅಜ್ಜೀ," ಅಂದಳು ಸಫಿಯಾ ಅಳುತ್ತ. "ದೇವರಿಗೆ ಹಸಿವಾಗೂದಿಲ್ಲಲ್ಲ. ನಂಗೆ ಆಗ್ತಿತ್ತು."

ದೂರುವ ದನಿಯೇ ಅಲ್ಲ ಅದು. ಅದಕ್ಕೇ ಅಮ್ಮಮ್ಮನಿಗೆ ತಾಗಿತು. ಅವಳು ಎದ್ದು ಒಳಗೆ ಹೋದಳು. ಬಟ್ಟಲಲ್ಲಿ ಬಿಸಿ ಅನ್ನ, ತುಪ್ಪ, ಸಾರು ಕಲಸಿಕೊಂಡು ಬಂದಳು. ಬಲಗೈ ಬೆಂದಿದೆ. ಎಡಗೈಯಲ್ಲಿ ಉಣ್ಣುವುದು ಅವರಲ್ಲೂ ಇಲ್ಲ, ನಮ್ಮಲ್ಲೂ ಇಲ್ಲ. ಯಾರಾದರೂ ಉಣಿಸಲೇಬೇಕು. ಅಪ್ಪಯ್ಯ ಓಡಿಹೋಗಿ ಒಂದು ಚಮಚ ತಂದು ಅವಳ ಮುಂದೆ ಹಿಡಿದ. ಸಮಾನತೆಯ ನಮ್ಮ ಅಪ್ಪಯ್ಯನಿಗೆ ಆ ಹೊತ್ತಿನಲ್ಲಿ ಹೊಳೆದದ್ದು ಅದು! ಅಮ್ಮಮ್ಮ ಚಮಚ ತೆಗೆದುಕೊಂಡಳು, ನೋಡಿದಳು, ಕೆಳಗಿಟ್ಟಳು.

"ಹಸಿದ ಕೂಸಿಗೆ ಚಮಚದಲ್ಲಿ ಉಣಿಸೂದು ಎಲ್ಲಾದ್ರೂ ಇದ್ದಾ?"

ಮೊದಲ ತುತ್ತನ್ನು ಬೆರಳಲ್ಲಿ ಎತ್ತಿದಳು. ಅವಳ ಮುಖದಲ್ಲಿ ಆಗ ಕಂಡದ್ದು ಕರುಣೆಯಲ್ಲ, ಭಯ. ಮೊಮ್ಮಕ್ಕಳ ಎಂಜಲು ತಾಗಿದರೂ ಕೈ ತೊಳೆಯುವವಳು ಅವಳು. ಆ ಭಯವನ್ನು ಇಟ್ಟುಕೊಂಡೇ ಬೆರಳನ್ನು ಸಫಿಯಾಳ ತುಟಿಯ ತನಕ ಒಯ್ದಳು. ಬಟ್ಟಲು ಬರಿದಾಗುವವರೆಗೂ ಉಣಿಸಿದಳು. ಭಯವೇ ಇಲ್ಲದವರು ಮಾಡುವ ಒಳ್ಳೆಯ ಕೆಲಸವನ್ನು ನಾನು ಆಮೇಲೆ ಬೇಕಾದಷ್ಟು ನೋಡಿದ್ದೇನೆ. ಅಂದಿನ ಬೆರಗು ನನಗೆ ಮತ್ತೆಲ್ಲೂ ಸಿಗಲಿಲ್ಲ. ಆದರೆ ಅಲ್ಲಿಗೇ ಮುಗಿಸಿದರೆ ಕಥೆ ಚೆಂದವಾಗುತ್ತದೆ, ನಿಜವಾಗುವುದಿಲ್ಲ. ಉಣಿಸಿದ ಕೂಡಲೇ ಅಮ್ಮಮ್ಮ ಬಾವಿಗೆ ಹೋಗಿ ತಲೆಗೆ ಸ್ನಾನ ಮಾಡಿದಳು. ಮೈಲಿಗೆ ಕಳೆಯುವ ನೀರನ್ನು ತಾನೇ ಸೇದಬೇಕು, ಇಲ್ಲವೇ ಮಡಿಯಲ್ಲಿದ್ದವರು ಸೇದಿಕೊಡಬೇಕು. ಬೇರೆಯವರು ಹಗ್ಗ ಮುಟ್ಟಿದರೆ ಆ ನೀರೇ ಮೈಲಿಗೆ. ಮರುದಿನ ಬೆಳಿಗ್ಗೆ ಮತ್ತೆ ಉಣಿಸಿದಳು, ಮತ್ತೆ ಮಿಂದಳು. ಒದ್ದೆ ಸೀರೆಯಲ್ಲೇ ನಿಂತು ಸಫಿಯಾಳನ್ನು ಪರೀಕ್ಷೆಗೆ ಕಳಿಸಿದಳು.

ಸಫಿಯಾ ಬಟ್ಟೆ ಸುತ್ತಿದ ಕೈಯಲ್ಲೇ ಬರೆದು ಬಂದಳು. ಅಕ್ಷರವೆಲ್ಲ ಕಾಗೆ ಕಾಲು ಗುಬ್ಬಿ ಕಾಲು, ಲೆಕ್ಕ ಮಾತ್ರ ಸರಿ ಇದೆ ಎಂದು ನಗುತ್ತ ಹೇಳಿದಳು. ಪಾಸೂ ಆದಳು, ಮುಂದೆ ತನ್ನೂರಿನಲ್ಲಿ ಹುಡುಗಿಯರಿಗೆ ಗಣಿತ ಕಲಿಸಿದಳು. ಅವಳನ್ನು ಕರೆದೊಯ್ಯಲು ಚಿಕ್ಕಪ್ಪನ ಜೊತೆ ಬೀಬಮ್ಮನೇ ಬಂದರು. ಅಷ್ಟು ವರ್ಷಗಳ ಗೆಳೆತನದಲ್ಲಿ ಅವರು ನಮ್ಮ ಮನೆಗೆ ಬಂದದ್ದು ಅದೇ ಮೊದಲು. ಅವರು ಬಂದಿಲ್ಲ ಎಂಬುದು ಅದುವರೆಗೆ ನಮಗೆ ಯಾರಿಗೂ ಹೊಳೆದೂ ಇರಲಿಲ್ಲ. ಮೊಮ್ಮಗಳ ಕೈ ನೋಡಿ ಅವರು ಹೌಹಾರಿದರು. ಸಫಿಯಾ ಏನೋ ಸುಳ್ಳು ಹೇಳಲು ಬಾಯಿ ತೆರೆದಳು. ಅಮ್ಮಮ್ಮ ಅವಳನ್ನು ತಡೆದು, ನಡೆದದ್ದನ್ನೆಲ್ಲ ತಾನೇ ಹೇಳಿದಳು. ಒಲೆ ಹಾಕಿದ್ದು, ಕೂಸು ಹಸಿದದ್ದು, ಉಣಿಸಿದ್ದು, ಮಿಂದದ್ದು, ಒಂದನ್ನೂ ಬಿಡಲಿಲ್ಲ. ಕೊನೆಗೆ ಜಗಲಿಯ ಕಂಬಕ್ಕೆ ಒರಗಿ ಅಂದಳು:

"ನಂಗೆ ಜಾತಿ ಇದ್ದು, ಜೈನಬಿ. ನೀ ನನ್ನ ಗೆಳತಿ ಹೇಳಿ ನಂಗೆ ಅದು ಇಲ್ಲೆ ಹೇಳ್ಕಂಡಿದ್ದೆ."

ಬೀಬಮ್ಮ ಮೊಮ್ಮಗಳ ಕೈ ಬಿಟ್ಟು ಅವಳ ಕಡೆ ತಿರುಗಿದರು.

"ನಂಗೆ ಗೊತ್ತಿತ್ತಲ್ಲ ಮಾರಾಯ್ತಿ."

"ಗೊತ್ತಿದ್ದೂ ಎಂತಕ್ಕೆ ಸುಮ್ಮಂಗಿದ್ದೆ?"

"ಜಗಳ ಮಾಡಿದ್ರೆ ನೀ ಬರೂದು ಬಿಡ್ತಿದ್ದೆ. ನಂಗೆ ನೀ ಬೇಕಿತ್ತು," ಅಂದರು ಬೀಬಮ್ಮ. ಚಾದರ ಮಡಿಸಿ ಪಕ್ಕಕ್ಕಿಟ್ಟರು. "ಬೆಳಿಗ್ಗೆ ಬಸ್ಸು ಹತ್ತಿದ್ದು, ಹೊಟ್ಟೆಗೆ ಎಂತದೂ ಇಲ್ಲ. ಈಗ ಊಟ ಹಾಕು. ಆಮೇಲೆ ಬೇಕಾದ್ರೆ ಮಿಂದ್ಕೋ."

ಅಮ್ಮಮ್ಮ ಅವರ ಕೈ ಹಿಡಿದು ಒಳಗೆ ಕರೆತಂದಳು. ನಡುಮನೆಯಲ್ಲಿ ಮಣೆ ಹಾಕಿ, ತಾನೇ ಬಡಿಸಿದಳು. ಬೀಬಮ್ಮ ಉಪ್ಪಿನಕಾಯಿಗೆ ಉಪ್ಪು ಹೆಚ್ಚಾಯಿತೆಂದು ದೂರಿದರು, ಎರಡು ಸಲ ಹಾಕಿಸಿಕೊಂಡರು. ಆಯಿ ಮುಂದೆ ಬಂದರೂ ಬಿಡದೆ ಎಲೆಯನ್ನು ಅಮ್ಮಮ್ಮನೇ ಎತ್ತಿದಳು. ಎತ್ತಿ ಹೊರಗೆ ಹಾಕಿ, ಯಾರ ಮುಖವನ್ನೂ ನೋಡದೆ ನೆಟ್ಟಗೆ ಬಾವಿಯ ಕಡೆ ನಡೆದಳು. ಮೀಯದೆ ಇರುವುದು ಅವಳಿಂದ ಆಗದು, ಅದು ನಮಗೂ ಗೊತ್ತಿತ್ತು. ಬೀಬಮ್ಮ ಕೈ ತೊಳೆದುಕೊಂಡು ಅವಳ ಹಿಂದೆಯೇ ಹೋದರು. ಅಮ್ಮಮ್ಮ ಸೊಂಟ ಹಿಡಿದುಕೊಂಡು ಬಗ್ಗುವುದನ್ನು ನೋಡಿ, "ಸರಿ ಆಚೆ, ಈ ಪ್ರಾಯದಲ್ಲಿ ನೀ ನೀರು ಸೇದೂದಾ?" ಎಂದು ಅವಳ ಕೈಯಿಂದ ಹಗ್ಗ ಕಿತ್ತುಕೊಂಡು ಕೊಡವನ್ನು ಬಾವಿಗೆ ಇಳಿಸಿಯೇಬಿಟ್ಟರು. ಆಯಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ರಾಟೆ ಕಿರುಗುಟ್ಟುತ್ತ ಕೊಡ ಮೇಲೆ ಬರುವವರೆಗೂ ಅಮ್ಮಮ್ಮ ಗೆಳತಿಯ ಕೈಯಲ್ಲಿದ್ದ ಹಗ್ಗವನ್ನೇ ನೋಡುತ್ತಿದ್ದಳು. ಆಮೇಲೆ ಒಗೆಯುವ ಕಲ್ಲಿನ ಮೇಲೆ ಕೂತು, ತಲೆ ಬಗ್ಗಿಸಿದಳು. ಬೀಬಮ್ಮ ಕೊಡವೆತ್ತಿ ಹೊಯ್ದರು.

"ತಣ್ಣಗಾತಾ?" ಎಂದು ಕೇಳಿದರು.

ಮುಖದ ಮೇಲಿನ ನೀರನ್ನು ಒರೆಸಿಕೊಳ್ಳದೆ ಅಮ್ಮಮ್ಮ ಅಂದಳು, "ಇನ್ನೊಂದು ಕೊಡ ಹೊಯ್ಯಿ."